ಬಹುಲಿಪಿ ಮಹಾಪ್ರಬಂಧದ ಗಣಕ ನಿರ್ವಹಣೆ: ಬೀದರ, ಭಾಲ್ಕಿ, ಔರಾದ ಆಕರಗಳ ಹಿನ್ನೆಲೆಯಲ್ಲಿ

ಸಂಶೋಧನ ಮಹಾಪ್ರಬಂಧವು ನೂರಾರು ಪುಟಗಳಿಗೆ ಬೆಳೆದಂತೆ ಅದರ ಪಠ್ಯನಿರ್ವಹಣೆಯೂ ಸಂಶೋಧನೆಯ ಒಂದು ಅಂಗವಾಗುತ್ತದೆ. ಹಸ್ತಪ್ರತಿಯನ್ನು ಡಿ.ಟಿ.ಪಿ. ಕೇಂದ್ರಕ್ಕೆ ಒಪ್ಪಿಸಿದೊಡನೆ ಈ ಹೊಣೆ ತೀರಿತೆಂಬ ಭಾವನೆ ರೂಢಿಯಲ್ಲಿದೆ. ಆದರೆ ಅಕ್ಷರಗಳು ಯಾವ ಸಂಕೇತದಲ್ಲಿ ಉಳಿದಿವೆ, ಅಧ್ಯಾಯಗಳ ರಚನೆ ಕಡತದಲ್ಲಿ ಹೇಗೆ ದಾಖಲಾಗಿದೆ ಎಂಬುದನ್ನೇ ಪದಸೂಚಿಯೂ ಹುಡುಕಾಟವೂ ಮುಂದಿನ ಸಂಶೋಧಕರ ಬಳಕೆಯೂ ಅವಲಂಬಿಸಿವೆ. ಬೀದರ ಜಿಲ್ಲೆಯನ್ನು ಕುರಿತ ಅಧ್ಯಯನಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

1. ಆಕರಗಳ ಸ್ವರೂಪ

ಬೀದರ ಜಿಲ್ಲೆಯು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ನಿಜಾಮರ ಕಾಲದಲ್ಲಿ ಉರ್ದು ಆಡಳಿತಭಾಷೆಯಾಗಿದ್ದುದರಿಂದ ಆ ಅವಧಿಯ ದಾಖಲೆಗಳನ್ನು ಬಿಟ್ಟು ಜಿಲ್ಲೆಯ ಚರಿತ್ರೆಯನ್ನು ಬರೆಯಲಾಗದು. ಬೀದರ ನಗರದಲ್ಲಿ 1472ರ ಮಹಮೂದ್ ಗವಾನನ ಮದರಸಾ ಮೊದಲಾದ ಬಹಮನಿ ಸ್ಮಾರಕಗಳ ಬರಹಗಳು ಅರಬ್ಬೀ ಲಿಪಿಯಲ್ಲಿವೆ. ಭಾಲ್ಕಿಯಲ್ಲಿ ಡಾ. ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕವನ್ನಿಟ್ಟು ಒಳಗೆ ಕನ್ನಡ ಕಲಿಸಿದ ಸಂಗತಿ ಪ್ರಸಿದ್ಧವಾಗಿದೆ. ಔರಾದ ತಾಲ್ಲೂಕು ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿಯಲ್ಲಿದ್ದು, ಅಲ್ಲಿಯ ಸ್ಥಳನಾಮ ಹಾಗೂ ಜನಪದ ಸಾಹಿತ್ಯದ ಅಧ್ಯಯನಕ್ಕೆ ಮರಾಠಿ, ತೆಲುಗು ರೂಪಗಳ ನಿದರ್ಶನ ಅನಿವಾರ್ಯ. ಹೀಗೆ ಒಂದೇ ಪ್ರಬಂಧದಲ್ಲಿ ಮೂರು ನಾಲ್ಕು ಲಿಪಿಗಳು ಕೂಡುತ್ತವೆ.

2. ಸಂಕೇತದ ಆಯ್ಕೆ

ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಫಾಂಟ್ ಬದಲಾದರೆ ಓದಲಾಗದ ರೋಮನ್ ಚಿಹ್ನೆಗಳಷ್ಟೇ ಉಳಿಯುತ್ತವೆ. ಯೂನಿಕೋಡ್‌ನಲ್ಲಿ ಕನ್ನಡ, ದೇವನಾಗರಿ, ತೆಲುಗು, ಅರಬ್ಬೀ ಲಿಪಿಗಳಿಗೆ ಪ್ರತ್ಯೇಕ ಸ್ಥಾನಗಳಿರುವುದರಿಂದ ಬಹುಲಿಪಿ ಪ್ರಬಂಧಕ್ಕೆ ಅದೇ ಯೋಗ್ಯ. ಹಳೆಯ ಕಡತಗಳನ್ನು ಪರಿವರ್ತಿಸುವಾಗ ನಡುವೆ ಬರುವ ಇಂಗ್ಲಿಷ್ ಪದಗಳು ಕನ್ನಡದ ತುಂಡುಗಳೆಂದು ತಪ್ಪಾಗಿ ಗ್ರಹೀತವಾಗುವ ಸಂಭವವಿದೆ. ಆದ್ದರಿಂದ ಒಂದೊಂದು ಅಧ್ಯಾಯವನ್ನು ಪರಿವರ್ತಿಸಿ ಮುದ್ರಿತ ಪ್ರತಿಯೊಡನೆ ಹೋಲಿಸುವುದು ಅಗತ್ಯ. ಉರ್ದು ಬಲದಿಂದ ಎಡಕ್ಕೆ ಸಾಗುವುದರಿಂದ ಕನ್ನಡ ವಾಕ್ಯದ ನಡುವೆ ಬಂದಾಗ ಆವರಣ ಚಿಹ್ನೆ, ಅಂಕಿಗಳು ಸ್ಥಾನಪಲ್ಲಟಗೊಳ್ಳಬಹುದು. ದೀರ್ಘ ಉರ್ದು ಉದ್ಧರಣೆಗಳನ್ನು ಪ್ರತ್ಯೇಕ ಪ್ಯಾರಾದಲ್ಲಿರಿಸಿ ಅದರ ದಿಕ್ಕನ್ನು ನಿಗದಿಪಡಿಸುವುದು ಸೂಕ್ತ.

3. ರಚನೆಯ ದಾಖಲೆ

ಶೀರ್ಷಿಕೆಯನ್ನು ದಪ್ಪಕ್ಷರದಲ್ಲಿ ಮುದ್ರಿಸಿದ ಮಾತ್ರಕ್ಕೆ ಅದು ಶೀರ್ಷಿಕೆಯೆಂದು ಗಣಕಕ್ಕೆ ತಿಳಿಯದು. ಅಧ್ಯಾಯಕ್ಕೆ ಹೆಡಿಂಗ್ 1, ಉಪಶೀರ್ಷಿಕೆಗೆ ಹೆಡಿಂಗ್ 2 ಎಂಬ ಸ್ಟೈಲ್‌ಗಳನ್ನು ಆರಂಭದಿಂದಲೇ ಬಳಸಿದರೆ ಪರಿವಿಡಿ ತಾನಾಗಿ ಸಿದ್ಧವಾಗುತ್ತದೆ. ಅಡಿಟಿಪ್ಪಣಿಗಳನ್ನೂ ತಂತ್ರಾಂಶದ ಮೂಲಕವೇ ಸೇರಿಸಿದರೆ ನಡುವೆ ಒಂದು ಹೆಚ್ಚಿದರೂ ಕ್ರಮಸಂಖ್ಯೆ ಕೆಡುವುದಿಲ್ಲ.

ಕಡತ ಭಾರವಾಗುವುದು ಪಠ್ಯದಿಂದಲ್ಲ. ಯುಟಿಎಫ್-8 ರೂಪದಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ಪುಟಕ್ಕೆ 1,500 ಸಂಕೇತಗಳೆಂದು ಹಿಡಿದರೂ 500 ಪುಟಗಳ ಪಠ್ಯಕ್ಕೆ 22.5 ಲಕ್ಷ ಬೈಟ್ ಸಾಕು. ಶಾಸನ, ಸ್ಮಾರಕಗಳ ಛಾಯಾಚಿತ್ರಗಳು ಇದನ್ನು ಹಲವು ಪಟ್ಟು ಹಿಗ್ಗಿಸುತ್ತವೆ. ಮೂಲ ಚಿತ್ರಗಳನ್ನು ಬೇರೆಯಾಗಿ ಕಾಯ್ದಿರಿಸಿ, ಗಾತ್ರ ಕುಗ್ಗಿಸಿದ ಪ್ರತಿಗಳನ್ನು ಪ್ರಬಂಧದಲ್ಲಿ ಬಳಸುವುದು ಲೇಸು. ಅಧ್ಯಾಯಕ್ಕೊಂದು ಕಡತವಿಟ್ಟು ಮಾಸ್ಟರ್ ಡಾಕ್ಯುಮೆಂಟ್ ಸೌಲಭ್ಯದಿಂದ ಜೋಡಿಸುವವರು ಎಲ್ಲ ಕಡತಗಳಲ್ಲಿ ಒಂದೇ ಸ್ಟೈಲ್‌ಗಳನ್ನು ಪಾಲಿಸಬೇಕು. ಜೋಡಿಸುವ ಮುನ್ನ ದಿನಾಂಕ ಸಹಿತ ಪ್ರತಿ ತೆಗೆದಿರಿಸಬೇಕು.

4. ಹುಡುಕಾಟ ಮತ್ತು ಅಕಾರಾದಿ

‘ಬೀದರ’, ‘ಬೀದರ್’ ಎಂಬ ಎರಡೂ ರೂಪಗಳು ಬಳಕೆಯಲ್ಲಿವೆ. ಮೊದಲನೆಯದನ್ನು ಒಂದೇ ಆಜ್ಞೆಯಿಂದ ಎರಡನೆಯದಕ್ಕೆ ಬದಲಿಸಹೊರಟರೆ ‘ಬೀದರಿನಲ್ಲಿ’ ಎಂಬ ಪದದ ಗುಣಿತವೇ ಒಡೆಯಬಹುದು; ಪ್ರತಿಯೊಂದನ್ನೂ ನೋಡಿ ಬದಲಿಸುವುದೇ ಕ್ಷೇಮ. ಪದಸೂಚಿಯ ತೊಡಕು ಇನ್ನೂ ಸೂಕ್ಷ್ಮವಾದುದು. ಯೂನಿಕೋಡ್ ಕೋಷ್ಟಕದಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ಇದೆ. ಕೇವಲ ಸಂಕೇತಸಂಖ್ಯೆಯಂತೆ ಜೋಡಿಸಿದರೆ ‘ಬಳ್ಳಾರಿ’ಯು ‘ಬಸವಕಲ್ಯಾಣ’ಕ್ಕಿಂತ ಮುಂದೆ ಬರುತ್ತದೆ, ಳಕಾರವನ್ನು ಹಕಾರದ ನಂತರ ಇರಿಸುವ ಕನ್ನಡದ ಅಕಾರಾದಿಗೆ ಇದು ವಿರುದ್ಧ. ಹಳಗನ್ನಡದ ೞಕಾರಕ್ಕೆ ಯೂನಿಕೋಡ್‌ನಲ್ಲಿ ‘ಫ’ ಎಂಬ ತಪ್ಪು ಹೆಸರು ಮೊದಲಿನಿಂದ ಉಳಿದಿದ್ದು, ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ಸೇರಿಸಲಾಗಿದೆ. ಶಾಸನಪಾಠಗಳನ್ನು ಬೆರಳಚ್ಚಿಸುವವರು ಹೆಸರನ್ನಲ್ಲ, ಅಕ್ಷರರೂಪವನ್ನೇ ಗಮನಿಸತಕ್ಕದ್ದು.

ಒಟ್ಟಿನಲ್ಲಿ, ಗ್ರಂಥಸಂಪಾದನೆಯಲ್ಲಿ ಪಾಠಶುದ್ಧಿಗೆ ಸಲ್ಲುವ ಶಿಸ್ತು ಗಣಕದ ಕಡತಕ್ಕೂ ಸಲ್ಲಬೇಕು. ಔರಾದದ ಹಿರಿಯರಿಂದ ಸಂಗ್ರಹಿಸಿದ ಒಂದು ಪದವು ಮುದ್ರಿತ ಪುಟದಲ್ಲಿ ಕಂಡರೂ ಕಡತದಲ್ಲಿ ಹುಡುಕಿದಾಗ ಸಿಗದಿದ್ದರೆ, ಮುಂದಿನ ಸಂಶೋಧಕರು ಅದನ್ನು ಮತ್ತೆ ಮೊದಲಿನಿಂದ ಸಂಗ್ರಹಿಸಬೇಕಾಗುತ್ತದೆ. ಅಷ್ಟರಲ್ಲಿ ಅದನ್ನು ಹೇಳುವವರೇ ಇಲ್ಲದಿರಬಹುದು. ಆದುದರಿಂದ ಸಂಕೇತ ಮತ್ತು ರಚನೆಗಳ ನಿರ್ಧಾರವು ಮೊದಲ ಅಧ್ಯಾಯದ ಮೊದಲ ಪುಟಕ್ಕೇ ಆಗತಕ್ಕದ್ದು. ಮಾರ್ಗದರ್ಶಕರು ವಿಷಯದೊಡನೆ ಕಡತವನ್ನೂ ಪರಿಶೀಲಿಸುವುದು ಉಚಿತ.