ಕೀಬೋರ್ಡ್ ಯಾರ ಕೈಯಲ್ಲಿ?: ನಮ್ಮ ಮಹಿಳಾ ಕೋಡಿಂಗ್ ಗುಂಪಿನ ಒಂದು ಸೆಮಿಸ್ಟರ್

ಮೂರನೆಯ ಸೆಮಿಸ್ಟರ್‌ನ ಆರಂಭದಲ್ಲಿ ಐ.ಸಿ.ಟಿ. ಪ್ರಾಯೋಗಿಕ ತರಗತಿಯೊಂದನ್ನು ಅವಲೋಕಿಸಿ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವಲೋಕನ ಪತ್ರಿಕೆಯಲ್ಲಿ ಇರುವ ಅಂಶಗಳ ಜೊತೆಗೆ ನಾನು ಇನ್ನೊಂದನ್ನು ಬರೆದುಕೊಂಡೆ: ಕಂಪ್ಯೂಟರಿನ ಮುಂದೆ ಯಾರು ಕೂತಿದ್ದಾರೆ? ಅಂದು ಚಾಲನೆಯಲ್ಲಿದ್ದ ಎಂಟು ಕಂಪ್ಯೂಟರುಗಳಲ್ಲಿ ಆರರ ಮುಂದೆ ಗಂಡಸರಿದ್ದರು. ನಮ್ಮ ತರಗತಿಯಲ್ಲಿ ಮೂರರಲ್ಲಿ ಎರಡು ಪಾಲು ಮಹಿಳೆಯರೇ. ಅವರೆಲ್ಲ ಕುರ್ಚಿಯ ಹಿಂದೆ ನಿಂತು, ಪರದೆಯ ಮೇಲೆ ಕಂಡದ್ದನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ರೆಕಾರ್ಡುಗಳು ಅಚ್ಚುಕಟ್ಟಾಗಿದ್ದವು, ಅಂಕಗಳೂ ಚೆನ್ನಾಗಿಯೇ ಬಂದವು.

ನಾನು ಪದವಿಯಲ್ಲಿ ಭೌತಶಾಸ್ತ್ರ, ಗಣಿತ, ಗಣಕವಿಜ್ಞಾನ ಓದಿದವಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಹಂತದಲ್ಲೇ ಕೋಡಿಂಗ್ ಚಟುವಟಿಕೆಗಳು ಬರಬೇಕೆನ್ನುತ್ತದೆ. ನಾಳೆ ಶಾಲೆಯಲ್ಲಿ ಅದನ್ನು ಮಾಡಿಸಬೇಕಾದವರಲ್ಲಿ ಹೆಚ್ಚಿನವರು ಆ ದಿನ ಕುರ್ಚಿಯ ಹಿಂದೆ ನಿಂತಿದ್ದವರೇ. ಹಾಗಾಗಿ ಮಹಿಳೆಯರೇ ಸೇರಿ ಪೈಥಾನ್ ಕಲಿಯುವ ಗುಂಪೊಂದನ್ನು ಮಾಡೋಣವೆಂದು ಗೆಳತಿಯರನ್ನು ಕೇಳಿದೆ. ನನ್ನನ್ನು ಬಿಟ್ಟು ಏಳು ಮಂದಿ ಒಪ್ಪಿದರು.

ಹೊತ್ತು ಗೊತ್ತುಮಾಡುವುದೇ ಮೊದಲ ಪಾಠವಾಯಿತು. ಸಂಜೆ ಆಗದು; ಐದು ಜನ ಊರಿನ ಬಸ್ಸು ಹಿಡಿಯಬೇಕು. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆಯಿಲ್ಲ, ಕೊನೆಯ ಬಸ್ಸಿನ ಚಿಂತೆ ಹಾಗೇ ಇದೆ. ಭಾನುವಾರ ಎಂದರೆ ಮನೆ ಇರುವವರೆಲ್ಲ ನಕ್ಕರು. ಉಳಿದದ್ದು ಮಂಗಳವಾರ ಮತ್ತು ಶುಕ್ರವಾರದ ಮಧ್ಯಾಹ್ನದ ಊಟದ ಬಿಡುವು: ಒಂದೂಕಾಲರಿಂದ ಎರಡು ಗಂಟೆ. ಬುತ್ತಿ ಬಿಚ್ಚಿ ತಿನ್ನಲು ಹದಿನೈದು ನಿಮಿಷ ಹೋದರೆ ಅರ್ಧ ಗಂಟೆ ಸಿಗುತ್ತದೆ. ಸಲಕರಣೆ ಎಂದರೆ ಎರಡು ಲ್ಯಾಪ್‌ಟಾಪ್, ಮತ್ತೆ ಪೈಥಾನ್ ನಡೆಸುವ ಆ್ಯಪ್ ಹಾಕಿಕೊಂಡ ಮೂರು ಮೊಬೈಲು.

ಮೊದಲ ಮೂರು ವಾರ

ಈ ಭಾಗವನ್ನು ಬರೆಯಲು ಸಂಕೋಚವಾಗುತ್ತದೆ. ನಾನು ಪಾಠ ಮಾಡಿದೆ. ವೇರಿಯಬಲ್ ಎಂದರೇನು, ದತ್ತಾಂಶದ ವಿಧಗಳೆಷ್ಟು, ಆಪರೇಟರುಗಳು ಯಾವುವು ಎಂದು ಪದವಿಯಲ್ಲಿ ನನಗೆ ಹೇಳಿಕೊಟ್ಟ ಕ್ರಮದಲ್ಲೇ ಕಪ್ಪುಹಲಗೆಯ ಮೇಲೆ ಬರೆದೆ. ಪೀಠಿಕೆ, ವಿವರಣೆ, ಪುನರಾವರ್ತನೆ ಎಲ್ಲವೂ ಇತ್ತು. ಯಾರಿಗಾದರೂ ಪರದೆಯಲ್ಲಿ ಕೆಂಪು ಅಕ್ಷರದ ದೋಷ ಬಂದರೆ ಓಡಿಹೋಗಿ ಸರಿಪಡಿಸುತ್ತಿದ್ದೆ. ಮೂರನೆಯ ವಾರ ಮುಗಿಯುವಾಗ ಏಳು ಜನ ನಾಲ್ವರಾಗಿದ್ದರು.

ಬಿಟ್ಟವರಲ್ಲಿ ಒಬ್ಬರು ಕನ್ನಡ ಬೋಧನಾ ವಿಷಯದವರು, ಎರಡು ಮಕ್ಕಳ ತಾಯಿ. ನಾವೆಲ್ಲ ಅಕ್ಕ ಎಂದೇ ಕರೆಯುತ್ತೇವೆ. ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಯಾಕೆ ಬರ್ತಿಲ್ಲ ಅಕ್ಕ ಎಂದು ಕೇಳಿದೆ.

"ನಿನ್ನ ಪಾಠ ಚೆನ್ನಾಗಿದೆ ಕಣೇ. ಆದ್ರೆ ಅದು ಇನ್ನೊಂದು ಕ್ಲಾಸು. ಕ್ಲಾಸಲ್ಲಿ ತಲೆ ಆಡಿಸ್ಕೊಂಡು ಕೂರೋದು ನಂಗೆ ಬರುತ್ತೆ, ಅದಕ್ಕೆ ಊಟದ ಹೊತ್ತು ಯಾಕೆ ಕಳೀಲಿ? ಏನಾದ್ರೂ ತಪ್ಪು ಬಂತು ಅಂದ್ರೆ ನಾನು ಓದೋಕೆ ಮುಂಚೆ ನಿನ್ನ ಕೈ ಕೀಬೋರ್ಡ್ ಮೇಲೆ ಇರುತ್ತೆ."

ಆರು ಕಂಪ್ಯೂಟರುಗಳ ಮುಂದೆ ಯಾರಿದ್ದರೆಂದು ಎಣಿಸಿ ವರದಿ ಬರೆದವಳು ನಾನೇ. ಅವರು ಮಾಡಿದ್ದನ್ನೇ ಇಲ್ಲಿ ನಾನು ಮಾಡುತ್ತಿದ್ದೆ, ಸಹಾಯ ಎಂಬ ಹೆಸರಿನಲ್ಲಿ.

ಕ್ರಮ ಬದಲಾಯಿಸಿದ್ದು

ಅದೇ ವಾರ ಮನೋವಿಜ್ಞಾನದ ಮೇಡಂ ಬಳಿ ಈ ವಿಷಯ ಹೇಳಿಕೊಂಡಾಗ ಅವರು ಯೂರಿ ಟ್ರೀಸ್‌ಮನ್ ಅವರ ಕೆಲಸವನ್ನು ಓದಲು ಹೇಳಿದರು. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಕಲನಶಾಸ್ತ್ರದ ತರಗತಿಯಲ್ಲಿ ಕರಿಯ ವಿದ್ಯಾರ್ಥಿಗಳು ಹೆಚ್ಚಾಗಿ ಹಿಂದುಳಿಯುತ್ತಿದ್ದರು. ಆಸಕ್ತಿಯಿಲ್ಲ, ತಯಾರಿಯಿಲ್ಲ, ಮನೆಯ ಬೆಂಬಲವಿಲ್ಲ ಎಂದು ಅಧ್ಯಾಪಕರು ಊಹಿಸಿದ್ದರು. ಟ್ರೀಸ್‌ಮನ್ ವಿದ್ಯಾರ್ಥಿಗಳ ಜೊತೆಗೇ ಇದ್ದು ಅವರು ಹೇಗೆ ಓದುತ್ತಾರೆಂದು ನೋಡಿದಾಗ ಬೇರೆಯದೇ ಕಂಡಿತು. ಈ ವಿದ್ಯಾರ್ಥಿಗಳು ಕಷ್ಟಪಟ್ಟು ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೆನ್ನಾಗಿ ಮಾಡುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಮೊದಲು ಒಂಟಿಯಾಗಿ ಲೆಕ್ಕ ಮಾಡಿ, ಆಮೇಲೆ ಕೂಡಿ ಕೂತು ಪರಸ್ಪರರ ತಪ್ಪು ಹುಡುಕುತ್ತಿದ್ದರು. ಟ್ರೀಸ್‌ಮನ್ ಕಟ್ಟಿದ ಕಾರ್ಯಾಗಾರಗಳಲ್ಲಿ ಪರಿಹಾರ ಬೋಧನೆ ಇರಲಿಲ್ಲ. ಕಠಿಣವಾದ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಬಿಡಿಸಲು ಹಚ್ಚುತ್ತಿದ್ದರು. ಹಿಂದುಳಿದವರಿಗೆ ಸುಲಭದ್ದನ್ನು ಕೊಡಬೇಕೆಂಬ ನಮ್ಮ ಅಭ್ಯಾಸಕ್ಕೆ ಇದು ವಿರುದ್ಧವಾದದ್ದು.

ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಉದಾಹರಣೆಯೂ ಉಪಯೋಗಕ್ಕೆ ಬಂತು. ಅಲ್ಲಿ ಗಣಕವಿಜ್ಞಾನಕ್ಕೆ ಸೇರುವವರಲ್ಲಿ ಮಹಿಳೆಯರ ಪ್ರಮಾಣ 1995ರಲ್ಲಿ ಶೇ. 7 ಇದ್ದದ್ದು 2000ದ ಹೊತ್ತಿಗೆ ಶೇ. 42ಕ್ಕೆ ಏರಿತು. ಜೇನ್ ಮಾರ್ಗೊಲಿಸ್ ಮತ್ತು ಅಲನ್ ಫಿಶರ್ ಅಲ್ಲಿ ವಿದ್ಯಾರ್ಥಿಗಳನ್ನು ಸಂದರ್ಶಿಸಿ, ಪೂರ್ವಾನುಭವದ ಅಂತರವನ್ನು ಜನ ಸಾಮರ್ಥ್ಯದ ಅಂತರವೆಂದು ತಪ್ಪು ತಿಳಿಯುತ್ತಾರೆಂದು ತೋರಿಸಿದ್ದರು. ಪ್ರವೇಶದ ಮಾನದಂಡವನ್ನೂ ಆರಂಭದ ಕೋರ್ಸುಗಳನ್ನೂ ಅದಕ್ಕೆ ತಕ್ಕಂತೆ ಬದಲಿಸಲಾಯಿತು.

ನಾವು ನಾಲ್ವರು ಕೂತು ನಿಯಮ ಮಾಡಿಕೊಂಡೆವು. ಲ್ಯಾಪ್‌ಟಾಪಿಗೆ ಇಬ್ಬರು; ಒಬ್ಬಳು ಟೈಪ್ ಮಾಡುತ್ತಾಳೆ, ಇನ್ನೊಬ್ಬಳು ಹೇಳುತ್ತಾಳೆ, ಹತ್ತು ನಿಮಿಷಕ್ಕೆ ಮೊಬೈಲಿನ ಅಲಾರಂ ಹೊಡೆದಾಗ ಜಾಗ ಅದಲುಬದಲು. ಜೋಡಿಯಲ್ಲಿ ಹೆಚ್ಚು ಬಲ್ಲವಳು ಕೀಬೋರ್ಡ್ ಮುಟ್ಟುವುದು ಎರಡನೆಯ ಸರದಿಯಲ್ಲಿ. ದೋಷ ಬಂದರೆ ಏನನ್ನೂ ಬದಲಿಸುವ ಮೊದಲು ಅದನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಅರ್ಥ ಹೇಳಬೇಕು. ಸಮಸ್ಯೆಯನ್ನು ಹಿಂದಿನ ದಿನವೇ ಕೊಟ್ಟು, ಎಲ್ಲರೂ ಮನೆಯಲ್ಲಿ ಕಾಗದದ ಮೇಲೆ ಪ್ರಯತ್ನಿಸಿ ಬರಬೇಕು. ನನ್ನೊಬ್ಬಳಿಗೆ ವಿಶೇಷ ನಿಯಮ: ಕೈ ಬೆನ್ನ ಹಿಂದೆ. ಇದನ್ನು ಸೂಚಿಸಿದ್ದು ಅಕ್ಕ. ನಿಯಮ ಕೇಳಿದ ಮೇಲೆ ಅವರು ಮತ್ತೆ ಬಂದರು.

ಏಳರ ಮಗ್ಗಿ

ಹೊಸ ಕ್ರಮದ ಮೊದಲ ಸಮಸ್ಯೆ: ಸಂಖ್ಯೆಯೊಂದನ್ನು ಕೇಳಿ ಅದರ ಮಗ್ಗಿ ಬರೆಯುವ ಪ್ರೋಗ್ರಾಂ. ಒಂದು ಜೋಡಿ 7 ಎಂದು ಕೊಟ್ಟಿತು. ಉತ್ತರವಾಗಿ 7, 77, 777, 7777 ಎಂದು ಸಾಲು ಉದ್ದವಾಗುತ್ತಾ ಹೋಯಿತು. ಕೆಂಪು ಅಕ್ಷರದ ದೋಷ ಇಲ್ಲ, ಪ್ರೋಗ್ರಾಂ ನಡೆದಿದೆ, ಉತ್ತರ ಮಾತ್ರ ಹುಚ್ಚುಚ್ಚಾಗಿದೆ. ನನಗೆ ಕಾರಣ ಗೊತ್ತಿತ್ತು. ಬೆನ್ನ ಹಿಂದೆ ಕೈ ಹಿಸುಕಿಕೊಂಡು ನಿಂತೆ.

ಆರು ನಿಮಿಷವಾದರೂ ಚರ್ಚೆ ನಡೆದಿರಬೇಕು. "ಇದು ಗುಣಿಸ್ತಾ ಇಲ್ಲ, ಬರೀತಾ ಇದೆ" ಎಂದು ಜೀವವಿಜ್ಞಾನದ ಗೆಳತಿ ಹೇಳಿದಳು. ಹಾಗಾದರೆ ಹೆಸರು ಕೊಟ್ಟು ನೋಡೋಣ ಎಂದು ಇನ್ನೊಬ್ಬಳು ಸಂಖ್ಯೆಯ ಬದಲು ತನ್ನ ಹೆಸರನ್ನೇ ಕೊಟ್ಟಳು. ಹೆಸರು ಮೊದಲು ಒಂದು ಸಲ, ಆಮೇಲೆ ಎರಡು ಸಲ, ಮೂರು ಸಲ ಬಂತು. ಕೀಬೋರ್ಡಿನಿಂದ ಬಂದದ್ದನ್ನೆಲ್ಲ ಪೈಥಾನ್ ಬರಹವೆಂದೇ ತಿಳಿಯುತ್ತದೆ, ಸಂಖ್ಯೆಯಾಗಿ ಬೇಕಾದರೆ ನಾವು ಬದಲಿಸಿಕೊಳ್ಳಬೇಕು ಎಂಬುದನ್ನು ಅವರೇ ಹೇಳಿದರು. ದತ್ತಾಂಶದ ವಿಧಗಳ ಬಗ್ಗೆ ನಾನು ಹಲಗೆಯ ಮೇಲೆ ಎರಡು ದಿನ ಹೇಳಿದ್ದು ಇದನ್ನೇ. ಯಾರಿಗೂ ನೆನಪಿರಲಿಲ್ಲ.

ಸರಿಪಡಿಸಿದ ಮೇಲೆ ಮಗ್ಗಿ 63ಕ್ಕೆ ನಿಂತಿತು. 1ರಿಂದ 10 ಎಂದು ಬರೆದರೆ ಪೈಥಾನಿನ ರೇಂಜ್ 9ಕ್ಕೇ ಮುಗಿಯುತ್ತದೆ. "ಹಾವೇರಿ ಬೋರ್ಡ್ ಹಾಕ್ಕೊಂಡು ಹಿಂದಿನ ಸ್ಟಾಪಲ್ಲೇ ಇಳಿಸೋ ಬಸ್ಸು" ಎಂದು ಅಕ್ಕ ಅಂದದ್ದು ಗುಂಪಿನಲ್ಲಿ ಗಾದೆಯ ಹಾಗೆ ಉಳಿಯಿತು. ಇನ್ನೊಂದು ಮೊಬೈಲಿನಲ್ಲಿ ಕನ್ನಡ ಕೀಬೋರ್ಡ್ ಹಾಗೇ ಇದ್ದದ್ದರಿಂದ ಸಂಖ್ಯೆ ೭ ಎಂದು ಹೋಯಿತು. ದೋಷ ಬರುತ್ತದೆಂದು ನಾನು ಕಾದೆ. ಬರಲಿಲ್ಲ, ಮಗ್ಗಿ ಸರಿಯಾಗಿ ಬಂತು. ಪೈಥಾನ್ ಕನ್ನಡ ಅಂಕಿಯನ್ನೂ ಸಂಖ್ಯೆಯಾಗಿ ತೆಗೆದುಕೊಳ್ಳುತ್ತದೆಂದು ನಾನು ಕಲಿತದ್ದು ಅಂದು.

ಕನ್ನಡದಲ್ಲಿ ಎಷ್ಟು ಅಕ್ಷರ?

ಗುಂಪು ನಿಜವಾಗಿ ಗುಂಪಾದದ್ದು ಅಕ್ಕ ತಂದ ಸಮಸ್ಯೆಯಿಂದ. ಅವರು ಒಂಬತ್ತನೆಯ ತರಗತಿಗೆ ಛಂದಸ್ಸಿನ ಪಾಠಯೋಜನೆ ಬರೆಯುತ್ತಿದ್ದರು. ಸಾಲು ಕೊಟ್ಟರೆ ಅಕ್ಷರ ಎಣಿಸುವ ಪ್ರೋಗ್ರಾಂ ಆಗುತ್ತದೆಯೇ ಎಂದು ಕೇಳಿದರು. ಸುಲಭ ಎಂದೆ; ಉದ್ದ ಹೇಳುವ ಲೆನ್ ಎಂಬ ಆಜ್ಞೆ ಇದ್ದೇ ಇದೆ. 'ಕನ್ನಡ' ಎಂದು ಕೊಟ್ಟರೆ ಉತ್ತರ 5 ಬಂತು. ಎಲ್ಲರೂ ನನ್ನ ಮುಖ ನೋಡಿದರು. ಈ ಸಲ ನನಗೂ ಗೊತ್ತಿರಲಿಲ್ಲ.

ಒಂದೊಂದನ್ನೇ ಬಿಡಿಸಿ ಮುದ್ರಿಸೋಣ ಎಂದು ಯಾರೋ ಹೇಳಿದರು. ಕ, ನ, ್, ನ, ಡ ಎಂದು ಐದು ಸಾಲು ಬಂತು. ಅಕ್ಕ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಒತ್ತಕ್ಷರ ಟೈಪ್ ಮಾಡುವಾಗ ನಾವು ನ, ಆಮೇಲೆ ಅರ್ಧಾಕ್ಷರದ ಗುರುತು, ಮತ್ತೆ ನ ಕೊಡುವುದಿಲ್ಲವೇ, ಯಂತ್ರ ಅದನ್ನೇ ಇಟ್ಟುಕೊಂಡಿದೆ ಎಂದರು. ವ್ಯಾಕರಣದಲ್ಲಿ ಬಿಡಿಸಿದರೆ ಕ್, ಅ, ನ್, ನ್, ಅ, ಡ್, ಅ ಎಂದು ಏಳು ವರ್ಣ, ಛಂದಸ್ಸಿಗೆ ಮೂರೇ ಅಕ್ಷರ, ಯಂತ್ರಕ್ಕೆ ಐದು. ಹಲಗೆಯ ಹತ್ತಿರ ಹೋಗಿ ಈ ಮೂರು ಲೆಕ್ಕವನ್ನು ಪಕ್ಕಪಕ್ಕದಲ್ಲಿ ಬರೆದರು. ಆ ಸೆಮಿಸ್ಟರ್‌ನಲ್ಲಿ ನಾನು ನೋಡಿದ ಅತ್ಯುತ್ತಮ ಪಾಠ ಅದು, ಪಾಠಯೋಜನೆಯಿಲ್ಲದ್ದು.

ಹಾಗಾದರೆ ಎಣಿಸುವ ನಿಯಮವೇನು? ವ್ಯಂಜನಗಳನ್ನೂ ಬಿಡಿ ಸ್ವರಗಳನ್ನೂ ಎಣಿಸಿ, ಅರ್ಧಾಕ್ಷರದ ಗುರುತು ಎಷ್ಟಿದೆಯೋ ಅಷ್ಟನ್ನು ಕಳೆಯಬೇಕು. 'ಕನ್ನಡ'ದಲ್ಲಿ ನಾಲ್ಕರಲ್ಲಿ ಒಂದು ಕಳೆದು ಮೂರು. 'ಪುಸ್ತಕ'ಕ್ಕೂ ಸರಿಹೋಯಿತು. ಬರೆಯುವಾಗ ಇಡೀ ಉದ್ದದಿಂದ ಗುಣಿತದ ಚಿಹ್ನೆಗಳನ್ನು ಕಳೆದಿದ್ದರಿಂದ 'ಸಂಜೆ'ಗೆ ಎರಡರ ಬದಲು ಮೂರು ಬಂತು. ಸೊನ್ನೆಯನ್ನು ಬಿಡಲು ಮರೆತಿದ್ದರು. ಪೈಥಾನ್ 3ರಲ್ಲಿ ವೇರಿಯಬಲ್ಲಿನ ಹೆಸರನ್ನೂ ಕನ್ನಡದಲ್ಲಿ ಇಡಬಹುದು. ಅಕ್ಕ 'ಸಾಲು', 'ಅಕ್ಷರ', 'ಎಣಿಕೆ' ಎಂದು ಇಟ್ಟುಕೊಂಡರು. ಎರಡು ವಾರ, ನಾಲ್ಕು ಸಲ ಕೂತು ಮುಗಿಸಿದೆವು.

ಆಗದೆ ಉಳಿದದ್ದು

ಬಿಟ್ಟುಹೋದ ಮೂವರಲ್ಲಿ ಇಬ್ಬರು ಮರಳಿ ಬರಲಿಲ್ಲ. ಒಬ್ಬಳ ಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಮೊಬೈಲು, ಹಿಂದಿನ ದಿನದ ಸಮಸ್ಯೆ ಅವಳಿಗೆ ತಲುಪುತ್ತಲೇ ಇರಲಿಲ್ಲ. ಚೀಟಿಯಲ್ಲಿ ಬರೆದು ಕೈಗೇ ಕೊಡಬಹುದಿತ್ತೆಂದು ನನಗೆ ಹೊಳೆದದ್ದು ತಡವಾಗಿ. ಇನ್ನೊಬ್ಬಳು ಕಾರಣ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಗಂಡುಮಕ್ಕಳನ್ನು ಯಾಕೆ ಬಿಟ್ಟಿರಿ ಎಂದು ಸಹಪಾಠಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ, ಮೊದಲ ಮೂರು ವಾರ ಕೀಬೋರ್ಡ್ ಕಸಿದುಕೊಂಡವಳು ಹೆಂಗಸೇ. ಆದರೂ ಮಿಶ್ರ ಗುಂಪಿನಲ್ಲಿ ಅಕ್ಕ ಬಸ್ ನಿಲ್ದಾಣದಲ್ಲಿ ಆಡಿದ ಮಾತನ್ನು ಯಾರಿಗಾದರೂ ಹೇಳುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಇಂಟರ್ನ್‌ಶಿಪ್‌ಗೆ ಬೇರೆಬೇರೆ ಶಾಲೆಗಳಿಗೆ ಹೋದಾಗ ಗುಂಪು ನಿಂತಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಲೆಕ್ಕದಲ್ಲಿ ತಡವರಿಸುವಾಗ ನನ್ನ ಸೀಮೆಸುಣ್ಣ ಅವಳ ಸ್ಲೇಟಿನತ್ತ ಹೋದದ್ದನ್ನು ಮೇಲ್ವಿಚಾರಕ ಮೇಡಂ ಗಮನಿಸಿ, ಕಾಯುವ ಸಮಯ ಸಾಲದು ಎಂದು ಅವಲೋಕನ ಪುಸ್ತಕದಲ್ಲಿ ಬರೆದರು. ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುವ ಶಿಕ್ಷಕರು ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆಂದು ಮೇರಿ ಬಡ್ ರೋ ತೋರಿಸಿದ್ದನ್ನು ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ಪಡೆದವಳು ನಾನು. ಮರುದಿನ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸಾಲುಗಳ ನಡುವೆ ಓಡಾಡಿದೆ.

ಈಗ ಗುಂಪು ಮತ್ತೆ ಸೇರುತ್ತಿದೆ. ಮೊದಲ ವರ್ಷದ ಮೂವರು ಬಂದಿದ್ದಾರೆ, ಅವರನ್ನು ಜೋಡಿ ಮಾಡುವವರು ಅಕ್ಕ. ಅಕ್ಷರ ಎಣಿಸುವ ಪ್ರೋಗ್ರಾಂ ಗುರು ಲಘು ಗುರುತಿಸುವಂತಾಗಬೇಕೆಂದು ಹೊರಟಿದ್ದೇವೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮ ಬರೆದಾಯಿತು. ಶಿಥಿಲದ್ವಿತ್ವ ಬಂದಲ್ಲಿ ಅದು ತಪ್ಪುತ್ತದೆ ಎಂದು ಅಕ್ಕ ಎಚ್ಚರಿಸಿದ್ದಾರೆ. ಆ ಅಪವಾದವನ್ನು ಯಂತ್ರಕ್ಕೆ ಹೇಗೆ ಹೇಳುವುದೆಂಬುದು ಈ ಶುಕ್ರವಾರದ ಸಮಸ್ಯೆ.