ಏಳನೇ ದಿನದ ಭೇಟಿ

2023ರ ಫೆಬ್ರವರಿಯಲ್ಲಿ ಅಪ್ಪಯ್ಯನನ್ನು ಶಿವಮೊಗ್ಗದ ಆಸ್ಪತ್ರೆಯಿಂದ ಸಾಗರದ ಮನೆಗೆ ಕರೆತಂದೆ. ವಯಸ್ಸು 71, ಕಾಯಿಲೆ ಹೃದಯ ವೈಫಲ್ಯ. ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು, ಅಂದರೆ ಇಎಫ್, ಶೇ 28. ಬಿಲ್ಲು 1,42,000 ರೂಪಾಯಿ, ಪೂರ್ತಿ ನಮ್ಮ ಕೈಯಿಂದಲೇ. ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ವೈದ್ಯರು ಪೆನ್ನಿನಲ್ಲಿ ಬರೆದಿದ್ದರು: ಒಂದನೇ ವಾರ, ಎರಡನೇ ವಾರ, ಮೂರನೇ ವಾರ, ಆರನೇ ವಾರ. ಪ್ರತಿ ಸಲವೂ ಕ್ರಿಯಾಟಿನಿನ್, ಪೊಟ್ಯಾಸಿಯಂ ಮಾಡಿಸಿಕೊಂಡು ಬರಬೇಕು. ಆ ಸಾಲನ್ನು ಓದಿ ಚೀಟಿಯನ್ನು ಫೈಲಿಗೆ ಸೇರಿಸಿದೆ. ಅದೇ ವಾರ ಹೃದ್ರೋಗಿಗಳಿಗೆಂದೇ ಇರುವ ಒಂದು ಆರೋಗ್ಯ ವಿಮೆಗೆ 31,000 ರೂಪಾಯಿ ಕಟ್ಟಿದೆ.

ನಾಲ್ಕು ಭೇಟಿಗಳಲ್ಲಿ ಒಂದಕ್ಕೂ ನಾವು ಹೋಗಲಿಲ್ಲ. ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರು. ಹೋಗಿಬರಲು ಕಾರಿಗೆ 2,500, ರಕ್ತಪರೀಕ್ಷೆಗೆ 900, ವೈದ್ಯರಿಗೆ 600. ಒಂದು ಸಲಕ್ಕೆ 4,000. "ಉಸಿರು ಸರಾಗ ಆಡ್ತಾ ಇದೆಯಲ್ಲ, ಸುಮ್ಮನೆ ಯಾಕೆ ದುಡ್ಡು ಹಾಳು?" ಎಂದರು ಅಪ್ಪಯ್ಯ. ಬೆಂಗಳೂರಿನಲ್ಲಿ ಕೂತಿದ್ದ ನನಗೂ ಅದೇ ಅನುಕೂಲವಾಗಿ ಕಂಡಿತು. ಹೇಗೂ ಪಾಲಿಸಿ ಇದೆ ಅಂದುಕೊಂಡೆ.

ಹತ್ತನೇ ವಾರದ ಒಂದು ರಾತ್ರಿ ಅವರಿಗೆ ಅಂಗಾತ ಮಲಗಲು ಆಗಲಿಲ್ಲ. ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. ಆಂಬುಲೆನ್ಸ್, ಐಸಿಯು, ವಾರ್ಡು. ಏಳು ದಿನಕ್ಕೆ 1,68,000. ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ಮೊದಲೇ ಇದ್ದ ಕಾಯಿಲೆಗೆ ಎರಡು ವರ್ಷ ಕಾಯಬೇಕೆಂದು ಪಾಲಿಸಿಯ ಮೂರನೇ ಪುಟದಲ್ಲೇ ಇತ್ತು.

ದುಡ್ಡಿಗಿಂತ ಹೆಚ್ಚು ನೋಯಿಸಿದ್ದು ವೈದ್ಯರು ಕೇಳಿದ ಒಂದು ಪ್ರಶ್ನೆ. ಮಾತ್ರೆಗಳ ಪಟ್ಟಿ ನೋಡಿ, "ಇನ್ನೂ ಇದೇ ಡೋಸಾ?" ಎಂದರು. ಬಿಡುಗಡೆಯ ದಿನ ಬರೆದುಕೊಡುವುದು ಆರಂಭದ ಡೋಸು. ರಕ್ತದೊತ್ತಡ, ಮೂತ್ರಪಿಂಡ, ಪೊಟ್ಯಾಸಿಯಂ ತಾಳಿದಂತೆಲ್ಲ ಅದನ್ನು ವಾರವಾರ ಏರಿಸಿ, ದೇಹ ತಡೆಯುವ ಗರಿಷ್ಠ ಮಟ್ಟಕ್ಕೆ ಒಯ್ಯಬೇಕು. ಆ ನಾಲ್ಕು ಭೇಟಿ ಇದ್ದದ್ದು ಅದಕ್ಕೆ. ಅದು ನನಗೆ ಗೊತ್ತಿರಲಿಲ್ಲ. 'ಚೆಕಪ್' ಎಂಬ ಪದ ಕೇಳಿ, ಹೋದರೂ ಆದೀತು ಬಿಟ್ಟರೂ ಆದೀತು ಎಂದು ತಿಳಿದಿದ್ದೆ.

ಆಮೇಲೆ ಕೂತು ಓದಿದೆ. 2022ರ ನವೆಂಬರಿನಲ್ಲಿ ಪ್ರಕಟವಾದ ಸ್ಟ್ರಾಂಗ್-ಎಚ್‌ಎಫ್ ಎಂಬ ಅಧ್ಯಯನದಲ್ಲಿ 1,078 ರೋಗಿಗಳಿದ್ದರು. ಬಿಡುಗಡೆಯಾದ ಮೇಲೆ ಬೇಗಬೇಗ ಕರೆಸಿ ಡೋಸು ಏರಿಸಿದವರಲ್ಲಿ, 180 ದಿನಗಳೊಳಗೆ ತೀರಿಕೊಂಡವರು ಇಲ್ಲವೇ ಹೃದಯ ವೈಫಲ್ಯದಿಂದ ಮತ್ತೆ ದಾಖಲಾದವರು ಶೇ 15.2. ಮಾಮೂಲಿ ಚಿಕಿತ್ಸೆಯವರಲ್ಲಿ ಶೇ 23.3. ನೂರಕ್ಕೆ ಎಂಟು ಮಂದಿಯ ವ್ಯತ್ಯಾಸ, ಅದೂ ಆರೇ ತಿಂಗಳಲ್ಲಿ.

ಇದನ್ನು ನಮ್ಮ ರೂಪಾಯಿಯಲ್ಲಿ ನೋಡೋಣ. ನಮ್ಮಂಥ ನೂರು ಮನೆಗಳಿವೆ ಎಂದುಕೊಳ್ಳಿ. ಮನೆಗೆ ನಾಲ್ಕು ಭೇಟಿ, ಭೇಟಿಗೆ 4,000, ಅಂದರೆ 16,000. ನೂರು ಮನೆಗೆ 16 ಲಕ್ಷ. ತಪ್ಪಿದ ಎಂಟು ದಾಖಲಾತಿಗೆ ನನ್ನ ಬಿಲ್ಲಿನ ಲೆಕ್ಕದಲ್ಲೇ 1,68,000ದಂತೆ 13,44,000. ಎರಡೂವರೆ ಲಕ್ಷ ನಷ್ಟ! ಭೇಟಿಯ ಖರ್ಚು ತಾನಾಗಿ ಹುಟ್ಟುತ್ತದೆ ಎಂದು ತೋರಿಸಲು ಹೊರಟಿದ್ದ ನನಗೆ ನಿರಾಸೆಯಾಯಿತು. ಆಮೇಲೆ ಆ 16,000 ಎಲ್ಲಿಗೆ ಹೋಗುತ್ತದೆಂದು ನೋಡಿದೆ. ಅದರಲ್ಲಿ 10,000 ಬರೀ ಕಾರಿಗೆ. ಈಗ ನಾವು ವೈದ್ಯರ ಒಪ್ಪಿಗೆ ಪಡೆದು, ಎರಡು ಭೇಟಿಯ ಬದಲು ಸಾಗರದ ಲ್ಯಾಬಿನಲ್ಲೇ ರಕ್ತ ಕೊಟ್ಟು, ತೂಕ, ಬಿಪಿಯನ್ನು ಫೋನಿನಲ್ಲಿ ಹೇಳುತ್ತೇವೆ. ವೈದ್ಯರ ಫೀಸೂ ಸೇರಿ ಆ ಎರಡಕ್ಕೆ ತಲಾ 1,500 ಸಾಕು. ಮನೆಗೆ 11,000 ಆಯಿತು, ನೂರು ಮನೆಗೆ 11 ಲಕ್ಷ. ಈಗ 2,44,000 ಉಳಿಯುತ್ತದೆ. ಅಧ್ಯಯನದಲ್ಲಿ ರೋಗಿಗಳು ಖುದ್ದಾಗಿಯೇ ಹೋಗುತ್ತಿದ್ದರು, ಆದ್ದರಿಂದ ಫೋನಿನಲ್ಲೂ ಫಲ ಅಷ್ಟೇ ಎಂದು ನಾನು ಹೇಳಲಾರೆ. ಮೊದಲ ವಾರದ್ದಕ್ಕೂ ಆರನೇ ವಾರದ್ದಕ್ಕೂ ಹೋಗಲೇಬೇಕು. ಇನ್ನು ಆ ಎಂಟರಲ್ಲಿ ಕೆಲವು ಸಾವುಗಳು. ಅವಕ್ಕೆ ನಾನು ಆಸ್ಪತ್ರೆಯ ಬೆಲೆ ಕಟ್ಟಿದ್ದೇನೆ. ಬೇರೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

ನಾನು ಕಟ್ಟಿದ 31,000ದಲ್ಲಿ ನಾಲ್ಕೂ ಭೇಟಿಗೆ ಕಾರಿನಲ್ಲೇ ಹೋಗಿಬಂದು, ಉಳಿದ 15,000ದಲ್ಲಿ ಆರು ತಿಂಗಳ ಮಾತ್ರೆ ತರಬಹುದಿತ್ತು.

ಈ ಬಗೆಯ ಪಾಲಿಸಿಯ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಮೂರು ಲಕ್ಷದ ಕವರ್, ಬಿಲ್ಲಿನ ಶೇ 20 ನಾವೇ ಕೊಡುವ ಕೋ-ಪೇ, ಎರಡು ವರ್ಷ ಕಾಯುವಿಕೆ. ಅಂದರೆ ಕಾಯುವ ಆ ಎರಡು ವರ್ಷಕ್ಕೇ 62,000 ಕಟ್ಟಿರುತ್ತೇವೆ. ಅಪಾಯ ಅತಿ ಹೆಚ್ಚಿರುವ ಆರಂಭದ ತಿಂಗಳುಗಳಲ್ಲೇ ಅದು ಬಾಗಿಲು ಹಾಕಿಕೊಂಡಿರುತ್ತದೆ. ಆ ವರ್ಷ ಮತ್ತೊಂದು ಪೆಟ್ಟೂ ಬಿತ್ತು. ವಿಮೆಯಿಲ್ಲದ ಹಿರಿಯರ ಔಷಧ, ಆಸ್ಪತ್ರೆ ಖರ್ಚಿಗೆ ಹಳೆಯ ತೆರಿಗೆ ಪದ್ಧತಿಯ 80ಡಿ ಸೆಕ್ಷನ್ನಿನ ಅಡಿ 50,000ದವರೆಗೆ ವಿನಾಯಿತಿ ಸಿಗುತ್ತಿತ್ತು, ನಗದಿನಲ್ಲಿ ಕೊಟ್ಟಿರದಿದ್ದರೆ. ವಿಮೆ ಮಾಡಿಸಿದ್ದರಿಂದ ಅದು ಕೈತಪ್ಪಿ, ಪ್ರೀಮಿಯಂ ಮಟ್ಟಿಗೆ ಮಾತ್ರ ಸಿಕ್ಕಿತು. ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಯನ್ನಂತೂ ಇದಕ್ಕಾಗಿ ಯಾರೂ ಕೊಳ್ಳಬೇಡಿ. ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ವ್ಯಾಖ್ಯೆಗಳಲ್ಲಿ ಹೃದಯಾಘಾತ, ಎದೆ ತೆರೆದು ಮಾಡುವ ಬೈಪಾಸ್, ಕವಾಟದ ಶಸ್ತ್ರಚಿಕಿತ್ಸೆ ಎಲ್ಲ ಇವೆ. ಹೃದಯ ಸೋತು ನಿಧಾನವಾಗಿ ಕೈಬಿಡುವ ಈ ಕಾಯಿಲೆಗೆ ಅಲ್ಲಿ ಬೇರೆ ವ್ಯಾಖ್ಯೆಯೇ ಇಲ್ಲ.

ಮೊದಲಿನಿಂದ ಪಾಲಿಸಿ ಇರುವವರ ಮಾತು ಬೇರೆ. ಅದನ್ನು ಒಂದು ದಿನವೂ ತಪ್ಪಿಸಬೇಡಿ. ಬಿಡುಗಡೆಯ ನಂತರ 60 ಅಥವಾ 90 ದಿನಗಳ ವೈದ್ಯರ ಫೀಸು, ರಕ್ತಪರೀಕ್ಷೆ, ಮಾತ್ರೆಯನ್ನೂ ಹೆಚ್ಚಿನ ಪಾಲಿಸಿಗಳು ಕೊಡುತ್ತವೆ. ಬಿಲ್ಲು ಎತ್ತಿಟ್ಟುಕೊಂಡು ಕೇಳುವವರು ಕಡಿಮೆ. ಆಯುಷ್ಮಾನ್ ಯೋಜನೆಯಲ್ಲೂ ಬಿಡುಗಡೆಯ ನಂತರದ 15 ದಿನ ಸೇರಿದೆ, ಆದರೆ ಆರನೇ ವಾರ ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಮಾತ್ರೆಯ ಖರ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದು ಇಳಿದಿದೆ. ಡಾಪಾಗ್ಲಿಫ್ಲೋಜಿನ್‌ನ ಮೂಲ ಪೇಟೆಂಟ್ 2020ರಲ್ಲಿ ಮುಗಿಯಿತು, ಸಕುಬಿಟ್ರಿಲ್-ವಾಲ್ಸಾರ್ಟನ್‌ದು 2023ರ ಜನವರಿಯಲ್ಲಿ. ಮೆಟೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್ ಮೊದಲೇ ಅಗ್ಗ. ನಾಲ್ಕೂ ಸೇರಿ ನಮಗೆ ತಿಂಗಳಿಗೆ 2,500ರ ಆಸುಪಾಸು. ಅದೂ ಭಾರ ಅನಿಸಿದರೆ ವೈದ್ಯರಿಗೆ ಹೇಳಿ, ಅಗ್ಗದ ದಾರಿ ಅವರ ಬಳಿ ಇರುತ್ತದೆ. ದಿನ ಬಿಟ್ಟು ದಿನ ನುಂಗಿ ಉಳಿಸಬೇಡಿ.

ಇನ್ನು 1,200 ರೂಪಾಯಿಯ ತೂಕದ ಯಂತ್ರ. ಬೆಳಿಗ್ಗೆ ಎದ್ದು ಮೂತ್ರ ಮಾಡಿ, ಕಾಫಿಗೆ ಮೊದಲು ಅದರ ಮೇಲೆ ನಿಲ್ಲಬೇಕು. ಮೂರು ದಿನದಲ್ಲಿ ಎರಡು ಕಿಲೋ ಏರಿತೋ, ಅದು ನೀರು. ಊಟ ಒಗ್ಗಿತು ಎಂದು ಖುಷಿಪಡದೆ ಅವತ್ತೇ ವೈದ್ಯರಿಗೆ ಫೋನ್ ಮಾಡಬೇಕು. ಆ ನೀರನ್ನು ಹಿಡಿದಿಡುವುದು ಉಪ್ಪು. ಅಪ್ಪಯ್ಯ ಮತ್ತೆ ದಾಖಲಾಗುವ ಮೊದಲು, ಏಪ್ರಿಲ್‌ನಲ್ಲಿ ಮದುವೆಮನೆಗಳ ಊಟ, ಮನೆಯಲ್ಲಿ ಭರಣಿ ತುಂಬ ಅಪ್ಪೆಮಿಡಿ ಉಪ್ಪಿನಕಾಯಿ. ಮೊಸರನ್ನಕ್ಕೆ ದಿನಾ ಎರಡು ಮಿಡಿ ಹೋಗುತ್ತಿತ್ತೆಂದು ಆಮೇಲೆ ತಿಳಿಯಿತು. ಎಪ್ಪತ್ತು ವರ್ಷಗಳ ಮನೆರುಚಿಯನ್ನು ನಿಲ್ಲಿಸಿ ಎನ್ನಲು ನನಗೂ ಬಾಯಿ ಬರುವುದಿಲ್ಲ. ಆದರೆ ಉಪ್ಪಿನಲ್ಲೇ ಕೂತ ಮಿಡಿ ಅದು. ಹಪ್ಪಳ, ಸಂಡಿಗೆ, ಮಜ್ಜಿಗೆಮೆಣಸೂ ಅಷ್ಟೇ. ಅಮ್ಮ ಈಗ ಆ ಭರಣಿಯನ್ನು ಚಿಕ್ಕಮ್ಮನ ಮನೆಗೆ ಸಾಗಿಸಿದ್ದಾಳೆ.

2024ರಲ್ಲಿ ಪಾಲಿಸಿ ನವೀಕರಿಸಲಿಲ್ಲ. ಆ 31,000ವನ್ನು ಅಮ್ಮನ ಹೆಸರಿನಲ್ಲಿ ಬೇರೆ ಉಳಿತಾಯ ಖಾತೆಗೆ ಹಾಕಿದೆ, ಪ್ರತಿ ವರ್ಷ ಹಾಕುತ್ತಿದ್ದೇನೆ. ಅದು ಭೇಟಿಗೆ, ರಕ್ತಪರೀಕ್ಷೆಗೆ, ವರ್ಷಕ್ಕೊಂದು ಹೃದಯದ ಎಕೋ ಪರೀಕ್ಷೆಗೆ ಮಾತ್ರ. ಎರಡನೇ ಸಲದ ಬಿಡುಗಡೆಯ ನಂತರ ಏಳನೇ ದಿನವೇ ಹೋದೆವು. ಡೋಸು ಎರಡು ಸಲ ಏರಿತು. ಈಚಿನ ಎಕೋದಲ್ಲಿ ಇಎಫ್ 38. ಕಾರಿನವನಿಗೆ 2,500 ಕೊಡುವಾಗ ಅಮ್ಮ ಈಗಲೂ ನೋಟುಗಳನ್ನು ಎರಡು ಸಲ ಎಣಿಸುತ್ತಾಳೆ, ಆದರೆ ಹೊರಡುವ ಹಿಂದಿನ ರಾತ್ರಿಯೇ ಕಾರಿಗೆ ಹೇಳಿಟ್ಟಿರುತ್ತಾಳೆ.