ದುಬೈ ಮರಳಿನಲ್ಲಿ ಒಂದು ಸಂಜೆ: ಮೊದಲ ಸಲ ಹೋಗುವವರಿಗೆ

ದುಬೈಗೆ ಹೊರಟವರ ಪಟ್ಟಿಯಲ್ಲಿ ಬುರ್ಜ್ ಖಲೀಫಾದ ಜೊತೆಗೇ ಡೆಸರ್ಟ್ ಸಫಾರಿಯೂ ಇರುತ್ತದೆ. ನಮ್ಮ ಕರಾವಳಿಯ ಎಷ್ಟೋ ಅಪ್ಪ ಅಮ್ಮಂದಿರಿಗೆ ಅಲ್ಲಿ ಕೆಲಸದಲ್ಲಿರುವ ಮಗನೋ ಅಳಿಯನೋ ಮೊದಲೇ ಬುಕ್ ಮಾಡಿಟ್ಟಿರುತ್ತಾರೆ. ಆದರೆ ಅಲ್ಲಿ ಏನೇನು ನಡೆಯುತ್ತದೆ, ಯಾಕೆ ಹಾಗೆ ನಡೆಯುತ್ತದೆ ಎಂದು ಕೂತು ಹೇಳುವವರು ಕಡಿಮೆ. ತಿಳಿದುಕೊಂಡು ಹೋದವರಿಗೆ ಆ ಸಂಜೆ ಹೆಚ್ಚು ದಕ್ಕುತ್ತದೆ.

ಹೋಗುವುದಾದರೆ ನವೆಂಬರಿನಿಂದ ಮಾರ್ಚ್‌ವರೆಗಿನ ಕಾಲ ಒಳ್ಳೆಯದು. ಜುಲೈ, ಆಗಸ್ಟಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಜೆಯಾದರೂ ಮರಳಿನ ಕಾವು ಬೇಗ ಇಳಿಯುವುದಿಲ್ಲ. ಚಳಿಗಾಲದಲ್ಲಿ ಇದಕ್ಕೆ ತದ್ವಿರುದ್ಧ. ಒಣಗಾಳಿ, ಮೋಡವಿಲ್ಲದ ಆಕಾಶ. ಸೂರ್ಯ ಮುಳುಗುತ್ತಲೇ ನೆಲದ ಶಾಖ ಮೇಲಕ್ಕೆ ಹೋಗಿಬಿಡುತ್ತದೆ. ಹಗಲು ಬೆವರಿದವರೇ ರಾತ್ರಿ ಊಟದ ಹೊತ್ತಿಗೆ ನಡುಗುತ್ತಾರೆ. ಒಂದು ಶಾಲು ಚೀಲದಲ್ಲಿರಲಿ.

ಮಧ್ಯಾಹ್ನ ಮೂರರ ಆಸುಪಾಸಿಗೆ ಗಾಡಿ ಬರುತ್ತದೆ, ಬಹುಪಾಲು ಟೊಯೊಟಾ ಲ್ಯಾಂಡ್ ಕ್ರೂಸರ್. ಹತ್ತಾ ಕಡೆಯ ರಸ್ತೆ ಹಿಡಿದು ಮುಕ್ಕಾಲು ಗಂಟೆ ಹೋದರೆ ಲಹಬಾಬ್ ಎಂಬ ಮರಳುಗಾಡು ಸಿಗುತ್ತದೆ. ಅಲ್ಲಿನ ಮರಳು ಕೆಂಪು, ಏಕೆಂದರೆ ಕಣಗಳ ಮೇಲೆ ಕಬ್ಬಿಣದ ಆಕ್ಸೈಡಿನ ತೆಳು ಲೇಪವಿದೆ. ಮರಳಿಗೆ ಇಳಿಯುವ ಮೊದಲು ಚಾಲಕರು ಗಾಡಿ ನಿಲ್ಲಿಸಿ ನಾಲ್ಕೂ ಟೈರುಗಳ ಗಾಳಿ ಬಿಡುತ್ತಾರೆ. ಗಾಬರಿಯಾಗಬೇಡಿ. ರಸ್ತೆಯ ಮೇಲೆ ಸುಮಾರು 35 ಪಿಎಸ್‌ಐ ಇದ್ದದ್ದನ್ನು 15ರ ಹತ್ತಿರಕ್ಕೆ ಇಳಿಸಿದಾಗ ಟೈರು ಚಪ್ಪಟೆಯಾಗಿ ಹೆಚ್ಚು ಜಾಗದ ಮೇಲೆ ಕೂರುತ್ತದೆ, ಭಾರ ಹಂಚಿಹೋಗುತ್ತದೆ, ಚಕ್ರ ಹೂಳುವುದಿಲ್ಲ. ಒಂಟೆಯ ಅಗಲವಾದ ಮೆತ್ತನೆ ಪಾದ ಮಾಡುವುದೂ ಇದೇ ಕೆಲಸ.

ಇನ್ನು ದಿಬ್ಬಗಳ ಮೇಲಿನ ಓಟ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆದರಿಕೆ ಇರುವುದು ಇಲ್ಲಿಯೇ. ಗಾಳಿ ಬೀಸುವ ಬದಿಯಲ್ಲಿ ಮರಳುದಿಬ್ಬ ನಿಧಾನವಾಗಿ ಏರುತ್ತದೆ, ಮರಳು ಗಟ್ಟಿಯಾಗಿರುತ್ತದೆ. ಗಾಳಿ ಹೊತ್ತು ತಂದ ಕಣಗಳು ನೆತ್ತಿ ದಾಟಿ ಆಚೆ ಬದಿಗೆ ಸುರಿಯುತ್ತವೆ. ಅಲ್ಲಿ ಇಳಿಜಾರು ಸುಮಾರು 33 ಡಿಗ್ರಿಯವರೆಗೆ ಕಡಿದಾಗಿ, ಮರಳು ಸಡಿಲವಾಗಿರುತ್ತದೆ. ಒಣ ಮರಳು ಅದಕ್ಕಿಂತ ಕಡಿದಾಗಿ ನಿಲ್ಲಲಾರದು, ತಾನೇ ಜಾರುತ್ತದೆ. ಗಾಡಿ ಏರುವುದು ಸಾಮಾನ್ಯವಾಗಿ ಗಟ್ಟಿ ಬದಿಯಿಂದ, ಜಾರಿ ಇಳಿಯುವುದು ಸಡಿಲ ಬದಿಯಲ್ಲಿ. ಆಗ ಗಾಡಿಯ ಜೊತೆ ಮರಳೂ ಜಾರುವುದರಿಂದ ಮಗುಚಿಯೇ ಬಿಟ್ಟಿತೆಂದು ಅನಿಸುತ್ತದೆ. ಅನುಭವಿ ಚಾಲಕರು ಪ್ರತಿ ದಿಬ್ಬದ ಬಾಗು, ನೆರಳು ಓದುತ್ತಲೇ ಹೋಗುತ್ತಾರೆ. ಸೀಟ್ ಬೆಲ್ಟ್ ಬಿಗಿದುಕೊಂಡು, ಮುಂದಿನ ಹಿಡಿ ಹಿಡಿದು, ದೂರದ ದಿಗಂತ ನೋಡುತ್ತಾ ಕುಳಿತರೆ ವಾಂತಿಯ ಕಾಟ ಕಡಿಮೆ. ಹಿಂದಿನ ಸಾಲಿನಲ್ಲಿ ಕುಲುಕಾಟ ಹೆಚ್ಚು. ಮಧ್ಯಾಹ್ನದ ಊಟ ಹಗುರವಾಗಿರಲಿ.

ಗರ್ಭಿಣಿಯರು, ಹೃದಯದ ತೊಂದರೆ ಅಥವಾ ಬೆನ್ನುನೋವು ಇರುವವರು, ಹೊಸದಾಗಿ ಶಸ್ತ್ರಚಿಕಿತ್ಸೆ ಆದವರು, ತೀರ ಚಿಕ್ಕ ಮಕ್ಕಳು ಈ ಓಟಕ್ಕೆ ಬೇಡವೇ ಬೇಡ. ಸಂಕೋಚಪಟ್ಟುಕೊಂಡು ಸುಮ್ಮನೆ ಕೂರುವ ಹಿರಿಯರು ನಮ್ಮಲ್ಲಿ ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಬುಕ್ ಮಾಡುವಾಗಲೇ ತಿಳಿಸಿದರೆ ರಾತ್ರಿಯ ಊಟ, ಕುಣಿತ ನಡೆಯುವ ಕ್ಯಾಂಪಿಗೆ ನೇರ ಕರೆದೊಯ್ಯುವ ವ್ಯವಸ್ಥೆ ಮಾಡಿಕೊಡುತ್ತಾರೆ. ನಡುವೆ ಸಾಕೆನಿಸಿದರೆ ಸಾಕು ಎನ್ನಿ. ಅಲ್ಲಿನ ಚಾಲಕರಲ್ಲಿ ಹಲವರಿಗೆ ಹಿಂದಿ ಬರುತ್ತದೆ.

ಸೂರ್ಯಾಸ್ತಕ್ಕೆ ಗಾಡಿಗಳನ್ನು ಒಂದು ಎತ್ತರದ ದಿಬ್ಬದ ಬಳಿ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಸಂಜೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ, ಆದರೆ ಎಲ್ಲರೂ ಅದನ್ನು ಫೋಟೊಗೇ ಕಳೆಯುತ್ತಾರೆ. ಚಪ್ಪಲಿ ಕಳಚಿ ಗುಂಪಿನಿಂದ ನೂರು ಹೆಜ್ಜೆ ಆಚೆ ನಡೆಯಿರಿ, ಗಾಡಿ ಮಾತ್ರ ಕಣ್ಣಿಗೆ ಕಾಣುತ್ತಿರಲಿ. ಇಳಿಬಿಸಿಲಿಗೆ ಮರಳಿನ ಮೇಲಿನ ಒಂದೊಂದು ಅಲೆಗೂ ನೆರಳು ಮೂಡುತ್ತದೆ. ಉರಿಬಿಸಿಲಲ್ಲಿ ಚಪ್ಪಟೆಯಾಗಿ ಕಂಡಿದ್ದ ನೆಲಕ್ಕೆ ಆಗ ಆಕಾರ ಬರುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತೆಂದು ಆ ಅಲೆಗಳೇ ಹೇಳುತ್ತವೆ. ಜೀರುಂಡೆಯ ಹೆಜ್ಜೆಸಾಲು, ಹಲ್ಲಿ ಬಾಲ ಎಳೆದ ಗೆರೆ ಹುಡುಕಿ. ಮಕ್ಕಳಿದ್ದರೆ ಅವರೇ ಮೊದಲು ಕಂಡುಹಿಡಿಯುತ್ತಾರೆ.

ಕ್ಯಾಂಪಿನಲ್ಲಿ ಒಂಟೆ ಸವಾರಿ ಕೆಲವೇ ನಿಮಿಷಗಳದ್ದು. ಕುಳಿತ ಒಂಟೆ ಮೊದಲು ಎತ್ತುವುದು ಹಿಂಗಾಲು, ಕೂರುವಾಗ ಮೊದಲು ಮಡಿಸುವುದು ಮುಂಗಾಲು. ಎರಡೂ ಸಲ ನೀವು ಮುಂದಕ್ಕೆ ಮುಗ್ಗರಿಸುತ್ತೀರಿ, ಆದ್ದರಿಂದ ಎರಡೂ ಸಲ ಹಿಂದಕ್ಕೆ ವಾಲಿ. ಮೆಹಂದಿ ಹಾಕಿಸಿಕೊಳ್ಳುವವರು ಕಪ್ಪು ಬಣ್ಣದ್ದನ್ನು ಬೇಡವೆನ್ನಿ. ಅದರಲ್ಲಿ ಬೆರೆಸುವ ರಾಸಾಯನಿಕದಿಂದ ಚರ್ಮ ಸುಟ್ಟಂತಾಗಬಹುದು. ಗಹ್ವಾ ಎಂಬ ಏಲಕ್ಕಿ ಪರಿಮಳದ ಅರಬ್ ಕಾಫಿಯನ್ನು ಖರ್ಜೂರದೊಂದಿಗೆ ಕೊಡುತ್ತಾರೆ. ಪುಟ್ಟ ಬಟ್ಟಲನ್ನು ಬಲಗೈಯಲ್ಲಿ ಹಿಡಿಯಬೇಕು. ಸಾಕಾದಾಗ ಬಟ್ಟಲನ್ನು ಮೆಲ್ಲಗೆ ಅಲುಗಾಡಿಸಬೇಕು, ಇಲ್ಲದಿದ್ದರೆ ಮತ್ತೆ ಸುರಿಯುತ್ತಾರೆ. ಈ ಕಾಫಿಯ ಆತಿಥ್ಯವನ್ನು 2015ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು.

ವೇದಿಕೆಯ ಕುಣಿತಗಳ ಬಗ್ಗೆ ಒಂದು ಮಾತು. ಗಿರಗಿರನೆ ಸುತ್ತುವ ತನೂರಾ ಈಜಿಪ್ಟಿನದು. ಬೆಲ್ಲಿ ಡಾನ್ಸ್ ಕೂಡ ಈ ಮರಳುಗಾಡಿನ ಅಲೆಮಾರಿ ಬೆದುಯಿನ್ನರದಲ್ಲ, ಪ್ರವಾಸಿಗರಿಗಾಗಿ ಬಂದದ್ದು. ನೋಡಿ ಖುಷಿಪಡಿ, ಆದರೆ ಇದೇ ಇಲ್ಲಿನ ಬದುಕು ಎಂದುಕೊಂಡು ಮರಳಬೇಡಿ. ರಂಜಾನ್ ತಿಂಗಳಲ್ಲಿ ಹಾಡು ಕುಣಿತ ಸಾಮಾನ್ಯವಾಗಿ ಇರುವುದಿಲ್ಲ. ಊಟದಲ್ಲಿ ಸುಟ್ಟ ಮಾಂಸವೇ ಮುಖ್ಯ. ಸಸ್ಯಾಹಾರಿಗಳಿಗೆ ಹಮ್ಮುಸ್, ಫಲಾಫೆಲ್, ಅನ್ನ, ದಾಲ್ ಸಿಗುತ್ತದೆ. ಕಟ್ಟುನಿಟ್ಟಿನವರು ಮೊದಲೇ ತಿಳಿಸಿಡಲಿ.

ದಾರಿಯಲ್ಲಿ ಮರಳಿನ ನಡುವೆ ಒಂಟಿಯಾಗಿ ನಿಂತ ಹಸಿರು ಮರ ಕಂಡರೆ ಅದು ಬಹುಶಃ ಘಾಫ್, ಯುಎಇಯ ರಾಷ್ಟ್ರೀಯ ವೃಕ್ಷ. ವಿಜಯದಶಮಿಯಂದು ನಾವು ಪೂಜಿಸಿ ಎಲೆ ಹಂಚಿಕೊಳ್ಳುವ ಬನ್ನಿಯೂ ಇದೂ ಒಂದೇ ಜಾತಿ. ಬೇರು ಬಹಳ ಆಳಕ್ಕಿಳಿದು ನೀರು ಹುಡುಕುತ್ತದೆ. ಅದರ ಕಾಯಿ, ಸೊಪ್ಪು ಒಂಟೆಗೆ ಮೇವು, ನೆರಳು ದಣಿದವರಿಗೆ. ಬನ್ನಿ ಮುಡಿದು ಬೆಳೆದವರು ಅಲ್ಲಿ ಗಾಡಿ ನಿಲ್ಲಿಸಲು ಕೇಳಿಕೊಳ್ಳಬೇಕೆಂಬುದು ನನ್ನ ಆಸೆ.

ಕುಣಿತ, ಓಟಕ್ಕಿಂತ ಮರಳುಗಾಡೇ ಹಿಡಿಸಿದರೆ ಮುಂದಿನ ಸಲ ದುಬೈ ಮರುಭೂಮಿ ಸಂರಕ್ಷಣಾ ಪ್ರದೇಶಕ್ಕೆ ಹೋಗುವ ಪ್ಯಾಕೇಜ್ ಕೇಳಿ. 225 ಚದರ ಕಿಲೋಮೀಟರಿನ ಆ ಕಾಪಿಟ್ಟ ನೆಲದಲ್ಲಿ ಬಿಳಿ ಅರೇಬಿಯನ್ ಓರಿಕ್ಸ್ ಎಂಬ ಹುಲ್ಲೆಯ ಹಿಂಡುಗಳಿವೆ. 1972ರ ಹೊತ್ತಿಗೆ ಮರಳುಗಾಡಿನಿಂದ ಪೂರ್ತಿ ಅಳಿದಿದ್ದ ಈ ಪ್ರಾಣಿಯನ್ನು ಮೃಗಾಲಯಗಳಲ್ಲಿ ಬೆಳೆಸಿ ಮತ್ತೆ ಮರಳಿಗೆ ಬಿಟ್ಟರು. ದರ ಹೆಚ್ಚು, ಒಳಗೆ ಬಿಡುವ ಗಾಡಿಗಳೂ ಕಡಿಮೆ. ಹಾಗಾಗಿ ಊರಿನಿಂದ ಹೊರಡುವ ಮೊದಲೇ ಬುಕ್ ಮಾಡಿಸಿ.